ಕಟ್ ಎಂದು ಕೂತ ಲೆನ್ಸು

ಅಂಗಡಿಯಿಂದ,
ಮಾರ್ಚ್ ೧೨, ಭಾನುವಾರ

ನನ್ನ ಮೆಣಸಿನಕಾಳಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದ. ನಾನು ಕ್ಷೇಮ. ನನ್ನ ಹೊಟ್ಟೆ ಸ್ವಲ್ಪ ಜಾಸ್ತಿಯೇ ಕ್ಷೇಮ ಎಂದು ನಿನ್ನ ಅತ್ತೆಯ ಅಭಿಪ್ರಾಯ.

ನಿನ್ನ ಪಾರ್ಸೆಲ್ ತಲುಪಿತು. ನಾನು ಕಳಿಸಿದ್ದ ಅಗಲ ನೋಟದ ಲೆನ್ಸು ಹತ್ತಿಯಲ್ಲಿ ಬೆಚ್ಚಗೆ ಮಲಗಿ ವಾಪಸ್ ಬಂದಿದೆ. ರಂಗಮಂದಿರದಲ್ಲಿ ಧೂಳು ಜಾಸ್ತಿ, ಗಾಜಿಗೆ ಗೀರು ಬಿದ್ದೀತು ಅಂತ ಬಳಸಲಿಲ್ಲ ಮಾವ ಎಂದು ಬರೆದಿದ್ದೀಯ. ಧೂಳಂತೆ. ಊರಿಗೆಲ್ಲ ಟೋಪಿ ಹಾಕಿದ ಮಾವನಿಗೇ ಟೋಪಿ ಹಾಕಲು ಹೊರಟೆಯಾ?

ನನಗೆ ಎಲ್ಲವೂ ತಿಳಿಯಿತು. ಶುಕ್ರವಾರ ಆ ರಂಗಮಂದಿರದ ಮ್ಯಾನೇಜರೇ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ನಮ್ಮ ಅಂಗಡಿಗೆ ಬಂದಿದ್ದ. ಗದ್ದ ಸ್ವಲ್ಪ ಎತ್ತಿ ಎಂದೆ. ಗದ್ದದ ಜೊತೆ ಬಾಯಿಯನ್ನೂ ತೆರೆದ. ಮುಂದಿನ ಹಜಾರದ ಗೋಡೆ ತುಂಬುವಂಥ ಫೋಟೋ ಬೇಕಿತ್ತಂತೆ. ಇಡೀ ರಂಗ, ನಟರೆಲ್ಲರೂ ಒಂದೇ ಚೌಕಟ್ಟಿನಲ್ಲಿ. ಯಾರದು ಚೆನ್ನಾಗಿ ಬರುತ್ತದೋ ಅವರಿಗೇ ಅಲ್ಲಿನ ಕಾಯಂ ಕೆಲಸ. ಇನ್ನಿಬ್ಬರು ಗಂಡಸರು ಕ್ಯಾಮೆರಾ ನೇತುಹಾಕಿಕೊಂಡು ಸರದಿಯಲ್ಲಿದ್ದರಂತೆ. ಈ ಕೆಲಸಕ್ಕಾಗಿ ನೀನು ಎಷ್ಟು ಮೆಟ್ಟಿಲು ಹತ್ತಿಳಿದಿದ್ದೀಯ ಎಂದು ನನಗೆ ಗೊತ್ತಿಲ್ಲವೇ?

ತಾಲೀಮಿನ ದಿನ ನನ್ನ ಲೆನ್ಸು ಹಾಕಿದೆಯಂತೆ. ಕಟ್ ಎಂದು ಕೂತಿತಂತೆ. ಫೋಟೋ ತೆಗೆದು ನೋಡಿದರೆ ನಾಲ್ಕು ಮೂಲೆಯೂ ಕಪ್ಪು, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ಮ್ಯಾನೇಜರು ಅದನ್ನೂ ಮೆಚ್ಚಿದನಂತೆ: "ಇರ್ಲಿ ಬಿಡಮ್ಮ, ಹಳೇ ಕಾಲದ ಫೋಟೋ ಥರ ಚೆನ್ನಾಗೇ ಇದೆ." ಅದಕ್ಕೆ ನೀನು, "ಮೂಲೇಲಿ ಕಾವಲುಗಾರನ ಪಾತ್ರದವರು ನಿಂತಿದ್ದಾರೆ ಸಾರ್. ಅವರಿಗೆ ಮಾತೂ ಇಲ್ಲ, ಮುಖಾನೂ ಇಲ್ಲ ಅಂದ್ರೆ ಹೇಗೆ?" ಅಂದೆಯಂತೆ.

ಇಂಥ ಲೆನ್ಸು ಕೊಟ್ಟವರು ಯಾರು ಎಂದು ಅವನು ಕೇಳಿದ್ದಾನೆ. ನೀನು ನನ್ನ ಹೆಸರೆತ್ತಲಿಲ್ಲ. "ಲೆನ್ಸಿಂದು ತಪ್ಪಿಲ್ಲ, ನನ್ನ ಕ್ಯಾಮೆರಾದಲ್ಲಿ ಫಿಲ್ಮ್ ಜಾಗದಲ್ಲಿರೋ ಸೆನ್ಸರ್ ದೊಡ್ಡದು. ಲೆನ್ಸು ಚೆಲ್ಲೋದು ದುಂಡಗಿನ ಬೆಳಕು. ಚಿಕ್ಕ ಸೆನ್ಸರ್ ಆದ್ರೆ ಅದರೊಳಗೆ ಹಾಯಾಗಿ ಮಲಗುತ್ತೆ, ದೊಡ್ಡದಾದ್ರೆ ಮೂಲೆಗಳು ಆಚೆ ಬೀಳ್ತವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ವಾ?" ಎಂದೆಯಂತೆ. ಈ ಮಾತನ್ನು ಅವನು ನಿನ್ನ ಹಾಗೇ ಕೈ ಆಡಿಸಿ ಹೇಳಿ ತೋರಿಸಿದ. ನಡುವಿನ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಸಾಲದೇ ಎಂದು ಅವನು ಅಂದಿದ್ದಕ್ಕೆ, ಗೋಡೆಯಷ್ಟು ದೊಡ್ಡದು ಮಾಡಿದಾಗ ಮುಖಗಳು ಮಸುಕಾಗುತ್ತವೆ ಎಂದು ಅದಕ್ಕೂ ಒಪ್ಪಲಿಲ್ಲವಂತೆ.

ಕೊನೆಗೆ ನಿನ್ನ ಕ್ಯಾಮೆರಾಕ್ಕೆಂದೇ ಮಾಡಿದ ನಿನ್ನ ಸ್ವಂತ ಲೆನ್ಸನ್ನೇ ಹಾಕಿದೆ. ಆದರೆ ಅದು ಅಷ್ಟು ಅಗಲ ನೋಡುವುದಿಲ್ಲ. ಹಿಂದಿನ ಸಾಲಿಗೆ ಹೋದರೂ ಇಡೀ ರಂಗ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಬೇರೆಯವರಾದರೆ ಆಗಲ್ಲ ಸಾರ್ ಎಂದು ಚೀಲ ಕಟ್ಟುತ್ತಿದ್ದರು. ನೀನು ಹಜಾರಕ್ಕೆ ತೆರೆಯುವ ಹಿಂದಿನ ಜೋಡಿ ಬಾಗಿಲುಗಳನ್ನು ತೆಗೆಸಿ, ಟಿಕೆಟ್ ಮೇಜನ್ನು ಸರಿಸಿ, ತೂಕಡಿಸುತ್ತಿದ್ದ ವಾಚ್‌ಮ್ಯಾನನ್ನು ಕುರ್ಚಿ ಸಮೇತ ಪಕ್ಕಕ್ಕಿಡಿಸಿ, ಹಜಾರದ ಗೋಡೆಗೆ ಬೆನ್ನು ಕೊಟ್ಟು ನಿಂತೆಯಂತೆ. ಆಗ ಕಾವಲುಗಾರನ ಈಟಿಯ ತುದಿಯೂ ಬಂತಂತೆ. ಕೆಲಸ ನಿನ್ನದಾಯಿತಂತೆ.

ಕೇಳುತ್ತ ಕೇಳುತ್ತ, ಗದ್ದ ಇಳಿಸಿ ಎನ್ನುವುದನ್ನೇ ಮರೆತೆ. ಆ ಮನುಷ್ಯ ಫೋಟೋದಲ್ಲಿ ಕಾಗೆ ಎಣಿಸುವವನ ಹಾಗೆ ಬಂದಿದ್ದಾನೆ. ಆ ಹುಡುಗಿ ಯಾರು ಗೊತ್ತೇನ್ರೀ, ನನ್ನ ತಂಗಿ ಮಗಳು ಎಂದೆ. ಎದುರಿನ ಟೈಲರ್‌ಗೆ ಹೇಳಿದೆ. ಕ್ಷೌರದ ಅಂಗಡಿಯಲ್ಲಿ, ಕತ್ತರಿಸಲು ಕೂದಲಿಲ್ಲದಿದ್ದರೂ, ಹೋಗಿ ಕೂತು ಹೇಳಿದೆ.

ಈಗ ಕಿವಿಗೊಟ್ಟು ಕೇಳು. ಮಾವನಿಗೆ ಗೊತ್ತಿರಲಿಲ್ಲ ಎಂದು ಮಾತ್ರ ತಿಳಿಯಬೇಡ. ಫಿಲ್ಮಿನ ಕಾಲದಲ್ಲಿ ಲೆನ್ಸು ಕಟ್ ಎಂದು ಕೂತರೆ ಮುಗಿಯಿತು, ಕಣ್ಣು ಮುಚ್ಚಿ ಒತ್ತಬಹುದಿತ್ತು. ಈ ಸೆನ್ಸರ್ ಕಾಲದಲ್ಲಿ ಕೂತದ್ದೆಲ್ಲ ಹೊಂದುವುದಿಲ್ಲ. ಇದು ನನಗೆ ಅಂಗೈ ನೆಲ್ಲಿಕಾಯಿ. ನಿನ್ನನ್ನು ಪರೀಕ್ಷಿಸೋಣ ಎಂದು ಬೇಕೆಂದೇ ಆ ಲೆನ್ಸು ಕಳಿಸಿದೆ. ಪಾಠದ ನಡುವೆ ಆಡುಗಳು ನುಗ್ಗುತ್ತಿದ್ದ ಹಳ್ಳಿ ಶಾಲೆಯಲ್ಲಿ ಓದಿದವನು ನಾನು, ನಿಜ. ಆದರೆ ಪರೀಕ್ಷೆ ಮಾಡುವುದು ಹೇಗೆಂದು ನಮ್ಮ ಮೇಷ್ಟರು ಚೆನ್ನಾಗಿ ಕಲಿಸಿದ್ದರು.

ಒಂದು ಮಾತು ಮಾತ್ರ ತಮಾಷೆಗಲ್ಲ. ನಾನಾಗಿದ್ದರೆ ಮ್ಯಾನೇಜರು ಚೆನ್ನಾಗಿದೆ ಎಂದ ಕೂಡಲೇ ಚೀಲ ಹೆಗಲಿಗೇರಿಸಿ ಬಂದುಬಿಡುತ್ತಿದ್ದೆ. ನೀನು ಬರಲಿಲ್ಲ. ಆ ಹಟ ಯಾರಿಂದ ಬಂತೋ ಗೊತ್ತಿಲ್ಲ, ಊರವರಿಗೆ ಮಾತ್ರ ನನ್ನಿಂದಲೇ ಎಂದು ಹೇಳಿದ್ದೇನೆ.

ಇಂತಿ ನಿನ್ನ ಪರೀಕ್ಷಕ,
ಸೋದರಮಾವ

ಮರೆತ ಮಾತು: ಇದು ನಿನ್ನ ಅತ್ತೆಯ ಅಕ್ಷರ ಕಣೇ. ನಿನ್ನ ಮಾವ ಅಂಚೆಗೆ ಹಾಕು ಎಂದು ಕೊಟ್ಟರು, ಅಂಟಿಸುವ ಮುಂಚೆ ಓದಿದೆ. ಪರೀಕ್ಷೆಯೂ ಇಲ್ಲ, ಗಿರೀಕ್ಷೆಯೂ ಇಲ್ಲ. ಮ್ಯಾನೇಜರು ಹೋದ ಮೇಲೆ ನನ್ನ ಡಬ್ಬದ ದುಂಡು ಮುಚ್ಚಳ ತೆಗೆದುಕೊಂಡು, ಅದರೊಳಗೆ ಒಮ್ಮೆ ಚಿಕ್ಕ ಫೋಟೋ, ಒಮ್ಮೆ ದೊಡ್ಡ ಫೋಟೋ ಇಟ್ಟು ನೋಡುತ್ತ ಊಟ ಆರಿಸಿದರು. ನಿನ್ನೆ ಒಬ್ಬರು ಹೊಸ ಕ್ಯಾಮೆರಾ ತಂದು, ಅಂಗಡಿಯ ಒಂದು ಹಳೇ ಲೆನ್ಸು ತೋರಿಸಿ, ಇದು ಇದಕ್ಕಾಗುತ್ತಾ ಎಂದು ಕೇಳಿದರು. ಮಾವ ಹಾಕಿದರು; ಕಟ್ ಎಂದಿತು. ಧಾರಾಳವಾಗಿ ಆಗುತ್ತೆ ಎನ್ನುತ್ತಾರೆ ಎಂದು ನಾನು ಅಂಗಡಿ ಹಿಂದಿನ ಅಡುಗೆಮನೆಯಲ್ಲಿ ಕಾದೆ. "ಮುಂದಿನ ವಾರ ಬನ್ನಿ, ನಮ್ಮ ಹುಡುಗೀನ ಒಂದ್ಮಾತು ಕೇಳಿ ಹೇಳ್ತೀನಿ" ಅಂದರು. ಒಲೆ ಬಿಟ್ಟು ಬಂದು ಅವರ ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಆ ಲೆನ್ಸು, ಕ್ಯಾಮೆರಾಗಳ ಮೇಲಿದ್ದ ಅಕ್ಷರ, ಅಂಕಿಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಆಗುತ್ತೋ ಇಲ್ಲವೋ ಬೇಗ ತಿಳಿಸು. "ನಿಮಗೆ ಗೊತ್ತಿರೋದೇ ಮಾವ" ಎಂದೇ ಶುರು ಮಾಡು.