ತೋಟದ ವಿಷ ಕಿತ್ತವರು ರಕ್ತದ ವಿಷ ಅಳೆಯಲಿ

ನಮ್ಮೂರ ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಹೃದ್ರೋಗಿಗಳ ರಕ್ತದಲ್ಲಿ ಡಿಜಾಕ್ಸಿನ್ ಮಾತ್ರೆಯ ಅಂಶ ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನು ತಾವು ನಿಲ್ಲಿಸಿದ್ದೀರಿ. ಅದರಿಂದ ನನ್ನ ಗಂಡನ ಜೀವಕ್ಕೆ ಕುತ್ತು ಬಂದಿದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಟ್ಟೆ. ತಮಗೆ ಪುರುಸೊತ್ತು ಕಡಿಮೆ ಎಂದು ಬಲ್ಲೆ.

ಪುರುಸೊತ್ತು ಸಿಕ್ಕಾಗ ತಾವು ಮಾಡಿದ ಘನಕಾರ್ಯವನ್ನೂ ಊರೆಲ್ಲ ನೋಡಿದೆ. ಆಸ್ಪತ್ರೆಯ ಹೂದೋಟದಲ್ಲಿ ಗಂಟೆಯಾಕಾರದ ನೇರಳೆ ಹೂ ಬಿಡುತ್ತಿದ್ದ ಫಾಕ್ಸ್‌ಗ್ಲೋವ್ ಗಿಡಗಳು ವಿಷವೆಂದು ಗೊತ್ತಾದದ್ದೇ ತಡ, ಬೇರುಸಹಿತ ಕೀಳಿಸಿ, ಕೈಗವಸು ತೊಟ್ಟು ಫೋಟೋ ತೆಗೆಸಿಕೊಂಡಿರಿ. ಸಂತೋಷ. ಆದರೆ ಅದೇ ಕುಲದ ಗಿಡದ ಎಲೆಯಿಂದ ಬಂದ ಮಾತ್ರೆಯನ್ನೇ ತಮ್ಮ ಔಷಧಾಲಯ ದಿನವೂ ಹಂಚುತ್ತಿದೆ ಎಂದು ತಮಗೆ ಯಾರೂ ಹೇಳಲಿಲ್ಲವೇ? ಹಿತಮಿತದಲ್ಲಿದ್ದರೆ ಅದು ಸೋತ ಹೃದಯಕ್ಕೆ ಬಲ. ತುಸು ಹೆಚ್ಚಾದರೆ ಅದೇ ಹೃದಯವನ್ನು ನಿಲ್ಲಿಸಬಲ್ಲದು. ಎಷ್ಟಾಗಿದೆ ಎಂದು ತಿಳಿಸುವ ಪರೀಕ್ಷೆ ಮಾತ್ರ ತಮ್ಮ ಕಣ್ಣಿಗೆ ದುಂದುವೆಚ್ಚ!

ನನ್ನ ಗಂಡ ಗೋಡೆಗೆ ಬಳಿಯುವ ಬಣ್ಣ ಬೆರೆಸಿ ಮಾರುವವರು. ಕಳೆದ ತಿಂಗಳು ಗಿರಾಕಿಗಳು ಒಬ್ಬರ ಹಿಂದೊಬ್ಬರು ಜಗಳಕ್ಕೆ ಬಂದರು. "ಬಿಳಿ ಕೇಳಿದ್ರೆ ನೀಲಿ ಕೊಟ್ಟಿದೀರಲ್ರೀ, ಮಲಗೋ ಕೋಣೆ ಈಜುಕೊಳ ಆಗಿದೆ!" ಎಂದರು ಒಬ್ಬ ಮೇಷ್ಟ್ರು. ಇವರೋ ಮಹಾ ಹಟಮಾರಿ. "ಕಂಪನಿಯೋರು ಹಳದಿ ತಿರುಗಿರೋ ಮಾಲು ಕಳಿಸ್ತಿದಾರೆ ಕಣೇ. ನಾನು ನೀಲಿ ಹಾಕಿ ಸರಿ ಮಾಡ್ತಿದೀನಿ" ಎಂದರು. ನಾನೂ ನಂಬಿ, ಕಂಪನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. ಇವರಿಗೆ ಊಟ ಸೇರುತ್ತಿರಲಿಲ್ಲ. ಜಗಳದ ತಲೆಬಿಸಿ ಎಂದುಕೊಂಡೆವು. ಒಂದು ಬೆಳಿಗ್ಗೆ ನನ್ನ ಮುಖ ನೋಡಿ ಗಾಬರಿಯಾಗಿ, "ನಿಂಗೆ ಕಾಮಾಲೆ ಆಗಿದೆ, ಮೊದ್ಲು ಡಾಕ್ಟ್ರ ಹತ್ರ ನಡಿ" ಎಂದರು. ಇಬ್ಬರೂ ತಮ್ಮ ಆಸ್ಪತ್ರೆಗೇ ಹೋದೆವು. ವೈದ್ಯೆ ನನ್ನನ್ನು ಬಿಟ್ಟು ಇವರ ನಾಡಿ ಹಿಡಿದರು. ಹೃದಯಕ್ಕೆಂದು ದಿನವೂ ನುಂಗುತ್ತಿದ್ದ ಆ ಮಾತ್ರೆ ಮೈಯಲ್ಲಿ ಮಿತಿಮೀರಿ ಇವರ ಕಣ್ಣಿಗೆ ಎಲ್ಲವೂ ಹಳದಿಯಾಗಿತ್ತು. ನನ್ನ ಮುಖವೂ, ಡಬ್ಬದಲ್ಲಿದ್ದ ಆ ಬಡಪಾಯಿ ಬಿಳಿಯೂ.

ಅಂದೇ ಮಾತ್ರೆ ನಿಲ್ಲಿಸಿ ವಾರ್ಡಿಗೆ ಸೇರಿಸಿಕೊಂಡರು. ನಾಡಿ ಸುಧಾರಿಸಿತು. ಆದರೆ ಈಗ ಕಾಲು ಬಾತಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಮತ್ತೆ ಅದೇ ಮಾತ್ರೆ ಬೇಕು. ಎಷ್ಟು? "ಟೆಸ್ಟ್ ಇಲ್ದೆ ಹೇಗಮ್ಮಾ ಹೇಳ್ಲಿ? ಅಂದಾಜಿನ ಮೇಲೆ ಕೊಡ್ಬೇಕು" ಎಂದರು ವೈದ್ಯೆ, ನೆಲ ನೋಡುತ್ತ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇರುವಷ್ಟೂ ತಮಗೇ ಮೀಸಲು. ತಮ್ಮ ಕೋಣೆಯ ಬಾಗಿಲಿಗೆ ಬಂದರೆ, "ಸಾಹೇಬ್ರು ಮೀಟಿಂಗ್‌ನಲ್ಲಿದಾರೆ." ರೋಗಿಗಳ ಸುರಕ್ಷತೆಯ ಮೀಟಿಂಗಂತೆ!

ಈ ಪರೀಕ್ಷೆಯನ್ನು ಇಂದೇ ಮತ್ತೆ ಶುರುಮಾಡಿಸಿ. ಆಗದಿದ್ದರೆ ಇವರ ರಕ್ತವನ್ನು ಪರೀಕ್ಷೆ ಇರುವ ಬೇರೆ ಆಸ್ಪತ್ರೆಗೆ ಕಳಿಸಿ. ಅದೂ ಆಗದಿದ್ದರೆ ನಾಳೆ ಬೆಳಿಗ್ಗೆ ನೀವೇ ವಾರ್ಡಿಗೆ ಬನ್ನಿ. ಎಷ್ಟು ಮಾತ್ರೆ ಎಂದು ನೀವೇ ಅಂದಾಜು ಮಾಡಿ, ನಿಮ್ಮ ಕೈಯಾರೆ ಇವರ ಬಾಯಿಗೆ ಹಾಕಿ, ಸಂಜೆಯ ತನಕ ನಾಡಿ ಹಿಡಿದು ಪಕ್ಕದಲ್ಲೇ ಕೂತಿರಿ. ನಾನು ಎದುರಿಗಿರುತ್ತೇನೆ.

ಇಂತಿ,
ಸದ್ಯಕ್ಕೆ ಗಂಡನಿರುವ
ಬಣ್ಣದಂಗಡಿಯವಳು