ಅಜ್ಜನ ಬೆಳ್ಳಿ ಲೋಟ

ಮಾರ್ಚ್ ೧೪, ಶುಕ್ರವಾರ

ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡೆ. ಅಜ್ಜ ಯುದ್ಧಕ್ಕೆ ಹೋಗಿದ್ದ ದೇಶ ನೋಡಲು ಅಮ್ಮನೂ ನಾನೂ ಹೊರಡುವ ಮುಂಚೆ ಅಲ್ಲಿನ ಚರಿತ್ರೆ ತಿಳಿದಿರಲಿ ಅಂತ ಪುಸ್ತಕ ತಂದವಳು ನಾನೇ. ಅಜ್ಜನ ಪಡೆ ಬೀಡುಬಿಟ್ಟಿದ್ದ ಊರಿನ ಬಗ್ಗೆ ಅದರಲ್ಲಿ ಒಂದೇ ಪುಟ. ಆ ಪಡೆಯ ಸೈನಿಕರು ಮನೆಮನೆ ದೋಚಿ, ಬೆಂಕಿಯಿಟ್ಟು ಹೋದರಂತೆ. ಅಲ್ಲಿ ಮಗು ಹುಟ್ಟಿದರೆ ಬೆಳ್ಳಿ ಲೋಟದ ಮೇಲೆ ಹೆಸರು ಕೆತ್ತಿಸುತ್ತಾರಂತೆ.

ಅಜ್ಜ ಅಲ್ಲಿಂದ ತಂದ ಲೋಟದ ಮೇಲಿನ ಅಕ್ಷರಗಳನ್ನು ಇಷ್ಟು ದಿನ ಬಳ್ಳಿಯ ಚಿತ್ತಾರ ಅಂದುಕೊಂಡಿದ್ದೆವು. "ಅಲ್ಲಿಯವರು ಪ್ರೀತಿಯಿಂದ ಕೊಟ್ಟಿದ್ದು" ಅನ್ನುತ್ತಿದ್ದ ಅಜ್ಜ ಸಾಯುವವರೆಗೂ ಅದರಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ.

ಸಂಜೆ ಅಮ್ಮ ಅದನ್ನು ಫಳಫಳ ಉಜ್ಜಿ, ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟಳು. "ನಮ್ಮಪ್ಪನಿಗೆ ಕೊಟ್ಟಿದ್ದನ್ನ ಎಷ್ಟು ಜೋಪಾನ ಮಾಡಿದೀವಿ ಅಂತ ತೋರಿಸ್ಬೇಕು ಕಣೇ. ಎಷ್ಟು ಖುಷಿಪಡ್ತಾರೋ!"

ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದೆ. ಹೇಳಿದರೆ ಅವಳ ಅಪ್ಪ ಇನ್ನೊಂದು ಸಲ ಸಾಯುತ್ತಾನೆ. ಹೇಳದಿದ್ದರೆ, ಅಲ್ಲಿ ಯಾರೋ ಮುದುಕಿ ಲೋಟವನ್ನು ಬೆಳಕಿಗೆ ಹಿಡಿದು, ಆ ಹೆಸರನ್ನು ಗಟ್ಟಿಯಾಗಿ ಓದಿ…