ಹೊಗೆಯ ಗಂಟೆ ಮೊಳಗಿದ ಮೇಲೂ ಬಾಗಿಲು ತಟ್ಟಿ ಕಾಯಬೇಕೆ?

ಮಾನ್ಯ ಪ್ರಯಾಣಿಕ ಸೇವಾ ಮುಖ್ಯಾಧಿಕಾರಿಗಳೇ,

ನಿಮ್ಮ ವಿಮಾನದ ಸಿಬ್ಬಂದಿ 'ಶೌಚಾಲಯದ ಬಾಗಿಲು ಮುರಿದು, ಒಳಗಿದ್ದ ವೃದ್ಧೆಯನ್ನು ಎಲ್ಲರೆದುರು ಅವಮಾನಿಸಿದರು' ಎಂದು ಮಹನೀಯರೊಬ್ಬರು ಕಳೆದ ವಾರ ಪತ್ರಿಕೆಗೆ ಬರೆದರು. ನೀವು ಅದನ್ನು ನಂಬಿ, ಬಾಗಿಲು ತೆರೆದ ಗಗನಸಖಿಯನ್ನು ಹಾರಾಟದಿಂದ ತೆಗೆದು, ನಿಲ್ದಾಣದಲ್ಲಿ ಪೆಟ್ಟಿಗೆ ತೂಗುವ ಕೆಲಸಕ್ಕೆ ಹಾಕಿದಿರಿ. ಆ ವೃದ್ಧೆ ನನ್ನ ಅಕ್ಕ. ತನ್ನ ಪರವಾಗಿ ಅವಮಾನಿತರಾಗಲು ಆಕೆ ಆ ಮಹನೀಯರಿಗೆ ಅಧಿಕಾರವನ್ನೇನೂ ಕೊಟ್ಟಿಲ್ಲ. 'ವೃದ್ಧೆ' ಎಂಬ ಪದಕ್ಕಂತೂ ಅವರು ಆಕೆಗೆ ಪ್ರತ್ಯೇಕವಾಗಿ ಉತ್ತರ ಕೊಡಬೇಕಾದೀತು.

ಮೊದಲು ಅಲ್ಲಿದ್ದವರ ಹಾಜರಿ ತೆಗೆದುಕೊಳ್ಳುತ್ತೇನೆ, ಹಳೆಯ ಅಭ್ಯಾಸ. ಶೌಚಾಲಯದ ಒಳಗೆ ಅಕ್ಕ. ಹೊರಗೆ, ಆಕೆಯ ಕೈಚೀಲ ಹಿಡಿದುಕೊಂಡು ನಾನು. ನನ್ನ ಹಿಂದೆ, ಸರದಿಯಲ್ಲಿ ನಿಂತೂ ನನ್ನ ಹಲ್ಲುಗಳನ್ನೇ ಪರೀಕ್ಷಿಸುತ್ತಿದ್ದ ಒಬ್ಬ ದಂತವೈದ್ಯ. ಪಕ್ಕದ ಪುಟ್ಟ ಅಡುಗೆಕೋಣೆಯಲ್ಲಿ ಆ ಗಗನಸಖಿ ಹುಡುಗಿ ಮತ್ತು ಆಕೆಯ ಹಿರಿಯ ಸಹೋದ್ಯೋಗಿ. ಪತ್ರ ಬರೆದ ಮಹನೀಯರೋ, ಕೊನೆಯ ಸಾಲಿನಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡು, ಬಾಯಿ ತೆರೆದು ನಿದ್ರಿಸುತ್ತಿದ್ದರು. ಕಣ್ಣಾರೆ ಕಂಡೆನೆಂದು ಬರೆಯುವವರು ಬಾಯಿಯ ಬದಲು ಕಣ್ಣನ್ನು ತೆರೆದಿರಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ನಡೆದದ್ದಿಷ್ಟು. ವಿಮಾನ ಇಳಿದೊಡನೆ ಬೀಗರನ್ನು ಎದುರುಗೊಳ್ಳಬೇಕಿದ್ದ ಅಕ್ಕ, ಮುಖಕ್ಕೆ ಪೌಡರು ಹಚ್ಚಿಕೊಳ್ಳಲು ಒಳಗೆ ಹೋದಳು. ಅಲಂಕಾರದ ವಿಷಯದಲ್ಲಿ ಆಕೆಯದು ಎತ್ತಿದ ಕೈ. ಅಂದು ಆ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕಳಚಿತು. ಪೌಡರು ಮೋಡವಾಗಿ ಮೇಲೆದ್ದು, ಹೊಗೆ ಪತ್ತೆಮಾಡುವ ಯಂತ್ರವನ್ನು ತಲುಪಿತು. ಗಂಟೆ ಹೊಡೆದುಕೊಂಡಿತು. ಹಿರಿಯಾಕೆ ಆ ಕ್ಷಣವೇ ಫೋನೆತ್ತಿ ಪೈಲಟ್ಟಿಗೆ ವರದಿ ಮಾಡತೊಡಗಿದಳು. ಹುಡುಗಿ ಬೆಂಕಿ ಆರಿಸುವ ಸಿಲಿಂಡರನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಒಳಗೆ ಯಾರಿದ್ದೀರಿ?" ಎಂದು ಕೂಗಿದಳು. ಉತ್ತರವಿಲ್ಲ. ಕೈಯ ಹಿಂಬದಿಯಿಂದ ಬಾಗಿಲನ್ನು ಮುಟ್ಟಿ ಶಾಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಬಾಗಿಲನ್ನೇ ತೆರೆದಿದ್ದಳು. ತೆರೆದಳು, ಮುರಿಯಲಿಲ್ಲ. ಒಳಚಿಲಕವನ್ನು ಹೊರಗಿನಿಂದ ಸರಿಸುವ ಉಪಾಯ ಅವರಿಗೆ ಗೊತ್ತಿದೆ. ಅದನ್ನಿಲ್ಲಿ ವಿವರಿಸಲಾರೆ, ಪತ್ರಿಕೆಯನ್ನು ಅಕ್ಕನೂ ಓದುತ್ತಾಳೆ.

ಬಿಳಿಯ ಮೋಡದೊಳಗಿಂದ ಅಷ್ಟೇ ಬಿಳಿಯ ಅಕ್ಕ ಗೋಚರಿಸಿದಳು.

"ಏನಮ್ಮಾ, ಚಿಲಕ ಹಾಕಿದ್ದು ಕಾಣಿಸ್ಲಿಲ್ವಾ?"

"ಕಾಣಿಸ್ತು ಅಮ್ಮಾ, ಅದಕ್ಕೇ ತೆಗೆದೆ. ಬನ್ನಿ, ಮೊದಲು ಆಚೆ ಬನ್ನಿ."

"ಒಂದೇ ಕೆನ್ನೆಗೆ ಆಗಿದೆ ಕಣೇ!"

"ಇನ್ನೊಂದಕ್ಕೆ ನಾನೇ ಹಚ್ತೀನಿ, ಬನ್ನಿ."

ಅಕ್ಕನನ್ನು ಹೊರಗೆಳೆದ ಮೇಲೂ ಹುಡುಗಿ ಸುಮ್ಮನಾಗಲಿಲ್ಲ. ಕಸದ ಡಬ್ಬಿಯನ್ನು ತೆರೆದಳು, ಕೈತೊಳೆಯುವ ತೊಟ್ಟಿಯ ಕೆಳಗೆ ಬಗ್ಗಿದಳು, ಗೋಡೆಗಳನ್ನು ತಡವಿದಳು. ನಾನು ಮೂಗು ತೂರಿಸಿದೆ: "ಪೌಡರು ಅಂತ ಗೊತ್ತಾಯ್ತಲ್ಲಮ್ಮ, ಇನ್ನೇನು ಹುಡುಕ್ತಿದೀಯಾ?" ಆಕೆ ತಲೆಯನ್ನೂ ಎತ್ತದೆ, "ಮೇಡಂ, ನಿಮ್ಮ ಜಾಗಕ್ಕೆ ಹೋಗಿ ಕೂತ್ಕೊಳ್ಳಿ" ಎಂದಳು. ನನ್ನ ಸೇವಾವಧಿಯುದ್ದಕ್ಕೂ ನಾನು ಪರರಿಗೆ ಹೇಳುತ್ತ ಬಂದ ಮಾತು! ಹೋಗಿ ಕುಳಿತೆ. ದಂತವೈದ್ಯ ನಕ್ಕ. ಎಲ್ಲವನ್ನೂ ನೋಡಿ ಮುಗಿಸಿದ ಬಳಿಕ ಬೆಂಕಿಯಿಲ್ಲವೆಂದು ಪೈಲಟ್ಟಿಗೆ ತಿಳಿಸಿ, ಆಕೆ ಕೊಟ್ಟ ಮಾತಿನಂತೆ ಅಕ್ಕನ ಎರಡನೆಯ ಕೆನ್ನೆಯನ್ನೂ ಪೂರೈಸಿದಳು. ಮಾನ್ಯರೇ, ನೀವು ಶಿಕ್ಷಿಸಿದ ಅಪರಾಧ ಇದು.

ಶಿಕ್ಷೆಯೊಂದಿಗೆ ನೀವು ಅಕ್ಕನಿಗೆ ಹೂಗುಚ್ಛವನ್ನೂ ಕ್ಷಮಾಪಣೆಯ ಪತ್ರವನ್ನೂ ಕಳುಹಿಸಿದಿರಿ. ಅದರಲ್ಲಿ ಹೆಮ್ಮೆಯಿಂದ ಉಲ್ಲೇಖಿಸಿದ ಹೊಸ ನಿಯಮ ಹೀಗಿದೆ: 'ಹೊಗೆಯ ಎಚ್ಚರಿಕೆ ಬಂದಲ್ಲಿ ಸಿಬ್ಬಂದಿಯು ಬಾಗಿಲನ್ನು ವಿನಯಪೂರ್ವಕವಾಗಿ ತಟ್ಟಿ, ಒಳಗಿರುವ ಪ್ರಯಾಣಿಕರ ಸಮ್ಮತಿ ಪಡೆದ ನಂತರವೇ ತೆರೆಯತಕ್ಕದ್ದು.' ವಾಕ್ಯರಚನೆಯಲ್ಲಿ ದೋಷವಿಲ್ಲ, ಅಭಿನಂದನೆಗಳು. ದೋಷವಿರುವುದು ವಿವೇಕದಲ್ಲಿ. ಈ ನಿಯಮದ ಒಂದು ಪ್ರತಿಯನ್ನು ಬೆಂಕಿಗೂ ತಲುಪಿಸಿದ್ದೀರಾ? ಸಮ್ಮತಿ ದೊರೆಯುವವರೆಗೆ ಅದು ಸರದಿಯಲ್ಲಿ ನಿಲ್ಲಲು ಒಪ್ಪಿದೆಯೇ? ಹೊಗೆ ಕುಡಿದು ಪ್ರಜ್ಞೆ ತಪ್ಪಿದ ಪ್ರಯಾಣಿಕ ಯಾವ ಸ್ವರದಲ್ಲಿ ಸಮ್ಮತಿಸಬೇಕು? ಎಚ್ಚರಿಕೆ ಸುಳ್ಳಾಯಿತೆಂಬುದು ಬಾಗಿಲು ತೆರೆದ ಮೇಲೆ ತಿಳಿದ ಸಂಗತಿ. ಮೊದಲೇ ತಿಳಿಯುವ ವಿದ್ಯೆ ನಿಮ್ಮ ಕಚೇರಿಯಲ್ಲಿದ್ದರೆ ಆ ಯಂತ್ರಗಳನ್ನು ಕಿತ್ತುಹಾಕಿ, ಅವುಗಳ ಜಾಗದಲ್ಲಿ ನೀವೇ ಕೂರಬಹುದು.

ಇನ್ನು, ಅಂದು ಒಳಗಿನಿಂದ ಉತ್ತರವೇಕೆ ಬರಲಿಲ್ಲ? ಇದನ್ನು ಬರೆಯಲು ಅಕ್ಕನ ಅಪ್ಪಣೆ ಬೇಕಿತ್ತು. ಆಕೆಗೆ ಕಿವಿ ಕೇಳಿಸುವುದಿಲ್ಲ. ಕೇಳಿಸುವ ಯಂತ್ರವನ್ನು ಕೂದಲಿನಲ್ಲಿ ಮರೆಮಾಡಿಕೊಂಡಿರುತ್ತಾಳೆ. ಬೀಗರಿಗಿರಲಿ, ಸ್ವಂತ ಸೊಸೆಗೂ ಈ ಗುಟ್ಟು ಗೊತ್ತಿಲ್ಲ. ವಿಮಾನದ ಶೌಚಾಲಯದ ಫ್ಲಶ್ಶಿನ ಸದ್ದು ಆ ಯಂತ್ರದಲ್ಲಿ ಸಿಡಿಲಿನಂತೆ ಬಡಿಯುವುದರಿಂದ, ಒಳಹೋಗುವ ಮುನ್ನ ಅದನ್ನು ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ಹುಡುಗಿಯ ಕೂಗು ಆಕೆಯನ್ನು ತಲುಪಲೇ ಇಲ್ಲ. ಬಾಗಿಲು ತೆರೆದ ಮೇಲಿನ ಸಂಭಾಷಣೆಯನ್ನು ಆಕೆ ತುಟಿ ನೋಡಿಯೇ ನಿಭಾಯಿಸಿದಳು. ನಿಮ್ಮ ವಿನಯಪೂರ್ವಕ ತಟ್ಟುವಿಕೆಗೆ ಆಕೆ ಇಂದಿಗೂ ಸಮ್ಮತಿ ಕೊಟ್ಟಿರುತ್ತಿರಲಿಲ್ಲ. ಅಂದು ಮೇಲೆದ್ದದ್ದು ಪೌಡರಲ್ಲದೆ ನಿಜವಾದ ಹೊಗೆಯಾಗಿದ್ದರೆ, ನೀವು ಹೂಗುಚ್ಛದ ಬದಲು ಆಕೆಯ ಫೋಟೊಗೆ ಹಾರ ಕಳುಹಿಸಬೇಕಾಗುತ್ತಿತ್ತು.

"ಇದನ್ನ ಬರೆದ್ರೆ ನಿನ್ನ ಮನೆ ಮೆಟ್ಟಿಲು ಹತ್ತಲ್ಲ ನೋಡು" ಎಂದು ಅಕ್ಕ ಮೊದಲು ಗದರಿದ್ದಳು. ಹುಡುಗಿಯ ಗತಿ ಏನಾಯಿತೆಂದು ನಿಮ್ಮ ಪತ್ರವನ್ನು ಓದಿ ಹೇಳಿದೆ. ಕೂದಲಿನಲ್ಲಿ ಅಡಗಿದ್ದ ಯಂತ್ರವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ, "ಬರಿ" ಎಂದಳು. "ನಿನ್ನ ಸೊಸೆಗೂ ಗೊತ್ತಾಗತ್ತಲ್ಲೇ?" ಎಂದು ಕೇಳಿದೆ. "ಗೊತ್ತಾಗ್ಲಿ ಬಿಡೇ. ಇನ್ಮೇಲಾದ್ರೂ ನನ್ನ ಹತ್ರ ಜೋರಾಗಿ ಮಾತಾಡ್ತಾಳೆ."

ಆದ್ದರಿಂದ ಆ ಹುಡುಗಿಯನ್ನು ಮರಳಿ ವಿಮಾನ ಹತ್ತಿಸಿ. ಆ ನಿಯಮವನ್ನು ಕೆಳಗಿಳಿಸಿ. ಎರಡನ್ನೂ ಲಿಖಿತವಾಗಿ, ಇದೇ ಪತ್ರಿಕೆಯಲ್ಲಿ ತಿಳಿಸಿ. ಮುಂದಿನ ತಿಂಗಳು ಅಕ್ಕ, ನನ್ನನ್ನೂ ಜೊತೆಗೆ ಕರೆದುಕೊಂಡು, ನಿಮ್ಮದೇ ವಿಮಾನದಲ್ಲಿ ಹಿಂತಿರುಗುವವಳಿದ್ದಾಳೆ. ಅಷ್ಟರೊಳಗೆ ನಿಮ್ಮ ನಿಯಮ ಬದಲಾಗದಿದ್ದರೆ ಆಕೆ ಶೌಚಾಲಯಕ್ಕೆ ಚಿಲಕ ಹಾಕುವುದಿಲ್ಲವೆಂದು ನಿರ್ಧರಿಸಿದ್ದಾಳೆ. ಅರೆತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗು ಹರಡಿ, ನಾನು ಕಾವಲು ನಿಲ್ಲುತ್ತೇನೆ. ಪ್ರಯಾಣಿಕರ ಮಾನ ಕಾಯುವ ನಿಮ್ಮ ವ್ಯವಸ್ಥೆಯ ಈ ಭಾವಚಿತ್ರವನ್ನು ತೆಗೆದುಕೊಳ್ಳಲು ಅದೇ ವಿಮಾನದಲ್ಲಿ ಹಿಂತಿರುಗಲಿರುವ ಆ ದಂತವೈದ್ಯರು ಈಗಾಗಲೇ ಒಪ್ಪಿದ್ದಾರೆ.

ಇಂತಿ,
ಊರಿನ ಮಕ್ಕಳನ್ನೆಲ್ಲ ತಿದ್ದಿ, ಒಬ್ಬ ಅಕ್ಕನನ್ನು ತಿದ್ದಲಾಗದೆ, ಈಗ ನಿಮ್ಮನ್ನು ತಿದ್ದಲು ಹೊರಟಿರುವ
ನಿವೃತ್ತ ಶಿಕ್ಷಕಿ